ಓದುಗರ ಪ್ರಶ್ನೆ, ನಮ್ಮ ಉತ್ತರ: ಕುಲುಮೆಯಿಂದ ತೋಟಕ್ಕೆ

ತೋಟದ ಸಲಕರಣೆಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಕಾಸಿ ಬಡಿದು ಮಾಡಿದ ಗುದ್ದಲಿ, ಸಲಿಕೆ, ಫೋರ್ಕ್‌ಗಳನ್ನೂ ಅವನ್ನು ತಲೆಮಾರುಗಳಿಂದ ಮಾಡುತ್ತ ಬಂದಿರುವ ಮನೆತನಗಳನ್ನೂ ಕುರಿತವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ಒಂದೇ ಅಳತೆಯ ಎರಡು ಸಲಿಕೆಗಳಲ್ಲಿ ಒಂದರ ಮೇಲೆ ‘ಕುಲುಮೆಯಲ್ಲಿ ಬಡಿದದ್ದು’ ಎಂಬ ಚೀಟಿ ಇದೆ, ಬೆಲೆಯೂ ಹಲವು ಪಟ್ಟು ಹೆಚ್ಚು. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ವ್ಯತ್ಯಾಸ ನಿಜವೇ, ಅಥವಾ ಬರಿಯ ಚೀಟಿಯ ಮಾತೇ? ಕೈಯಲ್ಲಿ ಹಿಡಿದು ನೋಡಿ ತಿಳಿಯುವ ದಾರಿ ಇದೆಯೇ?

ಉತ್ತರ: ವ್ಯತ್ಯಾಸ ನಿಜ, ಆದರೆ ಅದು ಚೀಟಿ ಹೇಳುವಲ್ಲಿ ಇಲ್ಲ. ಅಗ್ಗದ ಸಲಿಕೆಯನ್ನು ಉಕ್ಕಿನ ಹಾಳೆಯಿಂದ ಕತ್ತರಿಸಿ, ಯಂತ್ರದಲ್ಲಿ ಒತ್ತಿ ಬಾಗಿಸಿ, ಮೇಲ್ತುದಿಯನ್ನು ಸುರುಳಿ ಸುತ್ತಿ ಕಾವು (ಮರದ ಹಿಡಿ) ಕೂರುವ ಗೂಡನ್ನಾಗಿ ಮಾಡುತ್ತಾರೆ. ಹಾಳೆಯ ದಪ್ಪ ಮೊದಲಿಂದ ಕೊನೆಯವರೆಗೆ ಒಂದೇ ಆದ್ದರಿಂದ ಸಲಿಕೆಯ ಬಾಯಿ ಎಷ್ಟು ದಪ್ಪವೋ ಕುತ್ತಿಗೆಯೂ ಅಷ್ಟೇ ದಪ್ಪ. ಕುಲುಮೆಯ ಸಲಿಕೆಯಲ್ಲಿ ಉಕ್ಕಿನ ಗಟ್ಟಿಯನ್ನು ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೂ ಮಿಕ್ಕಿ ಕಿತ್ತಳೆ ಬಣ್ಣಕ್ಕೆ ಬರುವಂತೆ ಕಾಯಿಸಿ, ಸುತ್ತಿಗೆಯ ಕೆಳಗೆ ಎಳೆದು ಹರಡುತ್ತಾರೆ. ಹಾಗೆ ಮಾಡುವಾಗ ಲೋಹವನ್ನು ಬೇಕಾದಲ್ಲಿ ಉಳಿಸಿ ಬೇಡದಲ್ಲಿ ತೆಳುಗೊಳಿಸಬಹುದು. ಸನ್ನೆಯಂತೆ ಮೀಟುವಾಗ ಒತ್ತಡವೆಲ್ಲ ಬೀಳುವ ಕುತ್ತಿಗೆಯಲ್ಲಿ ದಪ್ಪ ಉಳಿದು, ಮಣ್ಣು ಸೀಳಬೇಕಾದ ಬಾಯಿಯ ಕಡೆಗೆ ಅಲಗು ಕ್ರಮೇಣ ತೆಳುವಾಗುತ್ತ ಹೋಗುತ್ತದೆ. ಬಡಿದ ಉಕ್ಕಿನ ಒಳಗಿನ ಎಳೆಗಳು ಆಕಾರದ ಜೊತೆಗೇ ಬಾಗಿ ಬಲ ಕೊಡುತ್ತವೆ ಎಂದು ಮಾರುವವರು ಒತ್ತಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೂ ತೋಟದ ಕೆಲಸದ ಮಟ್ಟಿಗೆ ದಪ್ಪದ ಈ ಹಂಚಿಕೆ ಮತ್ತು ಆಮೇಲೆ ಹಾಕುವ ಹದ (ಕಾಯಿಸಿ ತಣಿಸಿ ಉಕ್ಕಿಗೆ ತಕ್ಕ ಗಡುಸು ತರುವುದು), ಇವೆರಡೇ ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ.

ಪರೀಕ್ಷೆ ಸುಲಭ. ಸಲಿಕೆಯನ್ನು ಪಕ್ಕದಿಂದ, ಅಲಗಿನ ಅಂಚು ಕಣ್ಣಿಗೆ ನೇರವಾಗುವಂತೆ ಹಿಡಿದು ನೋಡಿ: ದಪ್ಪ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದೆಯೇ? ಬಳಿಕ ಹಿಂಬದಿಗೆ ತಿರುಗಿಸಿ. ಗೂಡಿನ ಉದ್ದಕ್ಕೂ ಬಾಯಿಬಿಟ್ಟ ಸೀಳು ಇದ್ದರೆ, ಅಲಗಿಗೆ ಬಿಗಿ ಕೊಡಲು ಒತ್ತಿದ ಏಣುಗಳ ಹಿಂದೆ ಟೊಳ್ಳು ಇದ್ದರೆ ಅದು ಹಾಳೆಯ ಸಲಿಕೆ. ಆ ಸೀಳಿನಲ್ಲಿ ಒದ್ದೆ ಮಣ್ಣು ಸೇರಿಕೊಂಡು ಕಾವಿನ ಬುಡವನ್ನು ಒಳಗಿನಿಂದಲೇ ಕೊಳೆಸುತ್ತದೆ. ಒಳ್ಳೆಯ ಸಲಿಕೆಯಲ್ಲಿ ಗೂಡು ಮುಚ್ಚಿದ ಕೊಳವೆಯಾಗಿರುತ್ತದೆ, ಇಲ್ಲವೇ ಅಲಗಿನಿಂದಲೇ ಎಳೆದ ಎರಡು ಪಟ್ಟಿಗಳು ಕಾವಿನ ಹಿಂದೆ ಮುಂದೆ ಮೇಲಕ್ಕೆ ಏರಿ ರಿವೆಟ್‌ಗಳಿಂದ ಬಂಧಿತವಾಗಿರುತ್ತವೆ. ಕೈಸಲಿಕೆಯಾದರೆ ಅಲಗೂ ಕುತ್ತಿಗೆಯೂ ಸೇರುವ ಜಾಗ ನೋಡಬೇಕು. ಬೆಸುಗೆ ಇದ್ದ ಮಾತ್ರಕ್ಕೆ ಕೀಳಲ್ಲ, ಸುತ್ತಲೂ ತುಂಬಿ ಬೆಸೆದು ನಯಗೊಳಿಸಿದ ಜೋಡಣೆ ಬಹುಕಾಲ ಬಾಳುತ್ತದೆ. ಎರಡು ಚುಕ್ಕೆ ಬೆಸುಗೆಯ ಮೇಲೆ ನಿಂತದ್ದು ಮೊದಲ ಗಟ್ಟಿ ನೆಲದಲ್ಲಿಯೇ ಬಾಗುತ್ತದೆ. ತಟ್ಟಿ ನಾದ ಕೇಳುವ ಪರೀಕ್ಷೆಯನ್ನು ನಾನು ನಂಬುವುದಿಲ್ಲ, ತೆಳು ಹಾಳೆಯೂ ಚೆನ್ನಾಗಿಯೇ ಹಾಡುತ್ತದೆ.

ಇನ್ನೊಂದು ಮಾತು. ‘ಕೈಯಿಂದ ಬಡಿದದ್ದು’ ಎಂದರೆ ಮೇಲು, ‘ಯಂತ್ರದ ಸುತ್ತಿಗೆ’ ಎಂದರೆ ಕೀಳು ಎಂಬ ಎಣಿಕೆಗೆ ಇತಿಹಾಸದ ಆಧಾರವಿಲ್ಲ. ಇಂಗ್ಲೆಂಡಿನ ಶೆಫೀಲ್ಡ್ ಬಳಿಯ ಅಬ್ಬೆಡೇಲ್‌ನಲ್ಲಿ, ಇಂದು ವಸ್ತುಸಂಗ್ರಹಾಲಯವಾಗಿರುವ ಹುಲ್ಲುಗತ್ತಿಯ ಕಾರ್ಖಾನೆಯಲ್ಲಿ, ನೀರಿನ ಚಕ್ರದಿಂದ ಏಳುತ್ತ ಬೀಳುತ್ತ ಬಡಿಯುವ ಭಾರಿ ಸುತ್ತಿಗೆಗಳು 18ನೆಯ ಶತಮಾನದಲ್ಲಿಯೇ ಕೆಲಸ ಮಾಡುತ್ತಿದ್ದವು. ಕಾದ ಉಕ್ಕನ್ನು ಆ ಸುತ್ತಿಗೆಯ ಕೆಳಗೆ ಯಾವ ಕ್ಷಣದಲ್ಲಿ ಯಾವ ಕೋನದಲ್ಲಿ ಹಿಡಿಯಬೇಕು ಎಂಬುದರಲ್ಲಿ ಅಲ್ಲಿನ ಕಮ್ಮಾರರ ಕುಶಲತೆ ಇತ್ತು. ತೋಳಿನ ಬಲದಲ್ಲಿ ಅಲ್ಲ.

ಪ್ರಶ್ನೆ: ಕೆಲವು ಹೆಸರಾಂತ ಸಲಕರಣೆಗಳ ಮೇಲೆ ಇನ್ನೂರು ಮುನ್ನೂರು ವರ್ಷ ಹಿಂದಿನ ಇಸವಿ ಮುದ್ರಿತವಾಗಿರುತ್ತದೆ. ಅಷ್ಟು ಕಾಲವೂ ಅದೇ ಕುಟುಂಬ ಅದನ್ನು ನಡೆಸಿಕೊಂಡು ಬಂದಿದೆ ಎಂದು ನಂಬಬಹುದೇ?

ಉತ್ತರ: ಇಸವಿಯನ್ನು ನಂಬಬಹುದು, ಅದರಿಂದ ಕುಟುಂಬವನ್ನು ಊಹಿಸಬಾರದು. ಶೆಫೀಲ್ಡಿನ ಬರ್ಗನ್ ಅಂಡ್ ಬಾಲ್ ತನ್ನ ಮೂಲವನ್ನು 1730ಕ್ಕೂ, ಅದೇ ಊರಿನ ಸ್ಪಿಯರ್ ಅಂಡ್ ಜಾಕ್ಸನ್ 1760ಕ್ಕೂ, ಬುಲ್‌ಡಾಗ್ ಹೆಸರಿನ ಸಲಿಕೆಗಳ ತವರಾದ ವಿಗನ್‌ನ ಕ್ಲಾರಿಂಗ್ಟನ್ ಕುಲುಮೆ 1780ಕ್ಕೂ ಒಯ್ಯುತ್ತವೆ. ಫಿನ್ಲೆಂಡಿನ ಫಿಸ್ಕಾರ್ಸ್ 1649ರಲ್ಲಿ ಕಬ್ಬಿಣ ಕರಗಿಸುವ ಕಾರ್ಖಾನೆಯಾಗಿ ಹುಟ್ಟಿತು. ಇವು ಹೆಸರಿನ, ಜಾಗದ, ಕಸುಬಿನ ಇತಿಹಾಸಗಳು. ಇಷ್ಟು ದೀರ್ಘ ಕಾಲದಲ್ಲಿ ಒಡೆತನ ಕೈ ಬದಲಾಗುವುದು ಸಹಜ. ಹೆಸರನ್ನು ಕೊಂಡ ಹೊಸ ಒಡೆಯರು ಕುಲುಮೆಯನ್ನು ಅಲ್ಲಿಯೇ ಇಟ್ಟುಕೊಳ್ಳುವುದುಂಟು, ಬೇರೆ ದೇಶದಲ್ಲಿ ಮಾಡಿಸಿ ಹಳೆಯ ಮುದ್ರೆ ಒತ್ತುವುದೂ ಉಂಟು, ಒಂದೇ ಹೆಸರಿನ ಕೆಳಗೆ ಬಡಿದ ಸರಕು ಮತ್ತು ಒತ್ತಿದ ಸರಕು ಎರಡನ್ನೂ ಬೇರೆ ಬೇರೆ ಬೆಲೆಗೆ ಮಾರುವುದೂ ಉಂಟು.

ಕುಟುಂಬದ ಕಸುಬು ಎಂಬುದನ್ನು ಹತ್ತಿರದಿಂದ ನೋಡಬೇಕಾದರೆ ಇಷ್ಟು ಹಳೆಯ ಇಸವಿಗಳಿಗಿಂತ ಒಂದೆರಡು ಶತಮಾನ ಈಚಿನವನ್ನು ನೋಡುವುದು ಒಳ್ಳೆಯದು. ನೆದರ್ಲೆಂಡ್ಸ್‌ನಲ್ಲಿ ಡಿ ವಿಟ್ 1898ರಲ್ಲಿ, ಸ್ನೇಬೂರ್ 1913ರಲ್ಲಿ ಆರಂಭವಾದವು. ಎರಡರಲ್ಲಿಯೂ ಕಮ್ಮಾರನ ಮನೆಹೆಸರೇ ಸಲಕರಣೆಯ ಹೆಸರು. ಹೂವಿನ ಗೆಡ್ಡೆ ಮತ್ತು ತರಕಾರಿ ಬೆಳೆಯುವ ಸುತ್ತಲಿನ ಬೆಳೆಗಾರರು ಬಂದು ತಮಗೆ ಇಂಥ ಅಗಲದ, ಇಂಥ ಬಾಗಿನ ಅಲಗು ಬೇಕೆಂದು ಕೇಳಿ ಮಾಡಿಸಿಕೊಳ್ಳುತ್ತಿದ್ದರೆಂಬುದನ್ನು ಅವರ ಇಂದಿನ ಪಟ್ಟಿಯನ್ನು ನೋಡಿದರೆ ಊಹಿಸಬಹುದು. ದೊಡ್ಡ ಕಾರ್ಖಾನೆ ಎರಡು ನಮೂನೆ ಮಾಡುವಲ್ಲಿ ಇವರದು ಹತ್ತಾರು.

ನಮೂನೆಗಳ ಈ ಬಾಹುಳ್ಯವೇ ಸಣ್ಣ ಕುಲುಮೆಯ ನಿಜವಾದ ಆಸ್ತಿ. ಉತ್ತರ ಐರ್ಲೆಂಡಿನ ಟೆಂಪಲ್‌ಪ್ಯಾಟ್ರಿಕ್‌ನಲ್ಲಿ 1919ರಲ್ಲಿ ಆರಂಭವಾದ ಪ್ಯಾಟರ್ಸನ್ ಕುಟುಂಬದ ಸಲಿಕೆ ಕಾರ್ಖಾನೆ ನೀರಿನ ಬಲದಿಂದ ನಡೆಯುತ್ತಿತ್ತು. ಐರ್ಲೆಂಡಿನಲ್ಲಿ ಒಂದೊಂದು ಸೀಮೆಯ ಮಣ್ಣಿಗೂ ಒಂದೊಂದು ಬಗೆಯ ಸಲಿಕೆ ಇತ್ತು: ಕಲ್ಲು ನೆಲಕ್ಕೆ ಕಿರಿದಾದದ್ದು, ಕೊಳೆತ ಸಸ್ಯದ ಜೌಗುಮಣ್ಣಿಗೆ ಅಗಲವಾದದ್ದು, ಕಾಲಿಡುವ ಮೆಟ್ಟಿಲು ಒಂದೇ ಬದಿಗೆ ಇರುವುದು. ಯಾವ ಊರಿನವರು ಯಾವುದನ್ನು ಕೇಳುತ್ತಾರೆ ಎಂಬ ತಿಳಿವಳಿಕೆಯೂ ಆಯಾ ನಮೂನೆಯ ಅಳತೆಗಳೂ ಇಂಥ ಕಾರ್ಖಾನೆಗಳಲ್ಲಿ ಮನೆಯವರ ಬಳಿಯೇ ಇರುತ್ತಿದ್ದವು. 1990ರ ದಶಕದ ಆರಂಭದಲ್ಲಿ ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಪ್ಯಾಟರ್ಸನ್ ಕಾರ್ಖಾನೆಯನ್ನು ವಹಿಸಿಕೊಂಡಿದ್ದರಿಂದ ಸುತ್ತಿಗೆಗಳು ಉಳಿದವು.

ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಇಸವಿಯದಲ್ಲ. ಈ ಅಲಗನ್ನು ಎಲ್ಲಿ ಕಾಯಿಸಿ ಬಡಿದಿರಿ, ಕಾವು ಮುರಿದರೆ ಇದೇ ಗೂಡಿಗೆ ಹೊಂದುವ ಕಾವನ್ನು ಕೊಡುತ್ತೀರಾ, ಅಲಗು ಸವೆದರೆ ಹಿಂದಕ್ಕೆ ತೆಗೆದುಕೊಂಡು ಸರಿಮಾಡುತ್ತೀರಾ? ಮೂರಕ್ಕೂ ನೇರ ಉತ್ತರ ಕೊಡುವವರು ಮೊನ್ನೆ ಆರಂಭಿಸಿದವರಾದರೂ ಅಡ್ಡಿಯಿಲ್ಲ.

ಪ್ರಶ್ನೆ: ಅಜ್ಜನ ಕಾಲದ ಗುದ್ದಲಿಯ ಕಾವು ಕಣ್ಣಿನೊಳಗೇ (ಕಾವು ಕೂರುವ ತೂತಿನೊಳಗೇ) ಮುರಿಯಿತು. ಮುರುಕನ್ನು ಸುಟ್ಟು ತೆಗೆಯೋಣವೆಂದು ಗುದ್ದಲಿಯನ್ನು ಬೆಂಕಿಯಲ್ಲಿ ಹಾಕಿ ಇಡೀ ರಾತ್ರಿ ಬಿಟ್ಟೆವು. ಈಗ ಹೊಸ ಕಾವು ಕೂತಿದೆ, ಆದರೆ ಬಾಯಿ ಸಣ್ಣ ಕಲ್ಲಿಗೂ ಮಡಚಿಕೊಳ್ಳುತ್ತಿದೆ. ಹೀಗೇಕೆ? ಮೊದಲಿನಂತೆ ಆಗುವುದೇ?

ಉತ್ತರ: ಬೆಂಕಿಯಲ್ಲಿ ಗುದ್ದಲಿಯ ಹದ ಹೋಗಿದೆ. ಅಪಾಯವೇನೂ ಆಗಿಲ್ಲ, ಬಲ್ಲ ಕಮ್ಮಾರರು ಒಂದು ಹೊತ್ತಿನಲ್ಲಿ ಮರಳಿ ತರಬಲ್ಲರು.

ಗುದ್ದಲಿಯ ಉಕ್ಕಿನಲ್ಲಿ ಸಾಮಾನ್ಯವಾಗಿ ನೂರು ಭಾಗಕ್ಕೆ ಅರ್ಧದಿಂದ ಮುಕ್ಕಾಲು ಭಾಗದಷ್ಟು (ಶೇ. 0.5ರಿಂದ 0.75) ಇಂಗಾಲ ಇರುತ್ತದೆ. ಇಂಥ ಉಕ್ಕನ್ನು ಕೆಂಪಗೆ ಕಾಯಿಸಿ, ಅದು ಅಯಸ್ಕಾಂತಕ್ಕೆ ಅಂಟದಂತಾಗುವ ಹಂತವನ್ನು, ಅಂದರೆ ಸುಮಾರು 770 ಡಿಗ್ರಿಯನ್ನು ಸ್ವಲ್ಪ ದಾಟಿಸಿ, ಕೂಡಲೇ ನೀರಿನಲ್ಲೋ ಎಣ್ಣೆಯಲ್ಲೋ ಅದ್ದಿದರೆ ಅದು ಗಾಜಿನಂತೆ ಗಡುಸಾಗುತ್ತದೆ. ಗಾಜಿನಂತೆಯೇ ಒಡೆಯಲೂ ಸಿದ್ಧವಾಗುತ್ತದೆ. ಆದ್ದರಿಂದ ಕಮ್ಮಾರನು ಅದ್ದಿದ ಬಾಯಿಯನ್ನು ಉಜ್ಜಿ ಹೊಳಪು ಮಾಡಿ, ಮೇಲಿನ ಭಾಗದಲ್ಲಿ ಉಳಿದ ಬಿಸಿ ಕೆಳಗೆ ಹರಿದು ಬರುವುದನ್ನು ಕಾಯುತ್ತಾನೆ. ಹೊಳೆಯುವ ಲೋಹದ ಮೇಲೆ ಬಣ್ಣಗಳು ಒಂದರ ಹಿಂದೆ ಒಂದು ಓಡುತ್ತವೆ: ಸುಮಾರು 220 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿ ಹಳದಿ, 260ರ ಸುಮಾರಿಗೆ ಕಂದು, 280ರ ಹತ್ತಿರ ನೇರಳೆ, 300ರ ಸಮೀಪ ನೀಲಿ. ಕೊಯ್ಯುವ ಕತ್ತಿಗೆ ಹಳದಿಯಲ್ಲಿ ನಿಲ್ಲಿಸಿದರೆ ಅಲಗು ಗಡುಸಾಗಿ ಉಳಿಯುತ್ತದೆ. ಕಲ್ಲಿಗೆ ಬಡಿಯುವ ಗುದ್ದಲಿ, ಪಿಕಾಸಿಗಳನ್ನು ನೇರಳೆಗೋ ನೀಲಿಗೋ ಬಿಟ್ಟು ಮತ್ತೆ ತಣಿಸುತ್ತಾರೆ. ಗಡುಸು ಸ್ವಲ್ಪ ಇಳಿದರೂ ಪೆಟ್ಟು ತಾಳುವ ಗುಣ ಬರುತ್ತದೆ. ನಿಮ್ಮ ಗುದ್ದಲಿ ರಾತ್ರಿಯೆಲ್ಲ ಕೆಂಡದಲ್ಲಿದ್ದು ಬೂದಿಯೊಳಗೆ ನಿಧಾನವಾಗಿ ಆರಿದ್ದರಿಂದ ಈ ಎರಡೂ ಹಂತಗಳು ಅಳಿಸಿಹೋಗಿ, ಉಕ್ಕು ತನ್ನ ಅತಿ ಮೆದು ಸ್ಥಿತಿಗೆ ಮರಳಿದೆ.

ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ಹಳೆಯ ಗುದ್ದಲಿಯಾದರೆ ಇನ್ನೊಂದು ಸಾಧ್ಯತೆಯೂ ಇದೆ. ಹೆನ್ರಿ ಬೆಸೆಮರ್ 1856ರಲ್ಲಿ ಪ್ರಕಟಿಸಿದ ವಿಧಾನದಿಂದ ಉಕ್ಕು ಅಗ್ಗವಾಗುವ ಮೊದಲು, ಮೈಯೆಲ್ಲ ಮೆದು ಕಬ್ಬಿಣದಲ್ಲಿ ಮಾಡಿ ಬಾಯಿಗೆ ಮಾತ್ರ ಉಕ್ಕಿನ ತುಂಡನ್ನು ಕಾಸಿ ಕೂಡಿಸುವುದು ವಾಡಿಕೆಯಾಗಿತ್ತು. ಆಮೇಲೆಯೂ ಸಣ್ಣ ಕುಲುಮೆಗಳು ಬಹುಕಾಲ ಹಾಗೆಯೇ ಮಾಡಿದವು. ಸವೆದು ಸವೆದು ಆ ಉಕ್ಕಿನ ಬಾಯಿಯೇ ಮುಗಿದಿದ್ದರೆ ಎಷ್ಟು ಹದ ಹಾಕಿದರೂ ಪ್ರಯೋಜನವಿಲ್ಲ, ಹೊಸ ಬಾಯಿಯನ್ನೇ ಕೂಡಿಸಬೇಕು. ಕಮ್ಮಾರರು ಅಂಚನ್ನು ಅರದಿಂದ ಉಜ್ಜಿ ನೋಡಿಯೇ ಇದನ್ನು ಹೇಳುತ್ತಾರೆ. ಜಪಾನಿನ ಸಾಂಜೋ ಮತ್ತು ತೋಸಾ ಸೀಮೆಯ ಕುಲುಮೆಗಳಲ್ಲಿ ಮೆದು ಕಬ್ಬಿಣಕ್ಕೆ ಗಡುಸು ಉಕ್ಕನ್ನು ಹೀಗೆ ಕೂಡಿಸುವ ಪದ್ಧತಿ ಇಂದಿಗೂ ನಡೆದಿದೆ. ಈಗ ಅದು ಉಕ್ಕನ್ನು ಉಳಿಸುವುದಕ್ಕಲ್ಲ; ಮಸೆಯಲು ಸುಲಭವಾಗುತ್ತದೆ ಎಂಬುದಕ್ಕೆ, ಏಕೆಂದರೆ ಸಾಣೆಗೆ ಸಿಗುವ ಬಹುಭಾಗ ಮೆದು ಕಬ್ಬಿಣವೇ.

ಮುಂದೆ ಕಾವು ಒಳಗೇ ಮುರಿದರೆ ಬೈರಿಗೆಯಿಂದ ನಾಲ್ಕಾರು ತೂತು ಕೊರೆದು, ಕಾವು ಸೇರಿಸಿದ ದಿಕ್ಕಿಗೆ ವಿರುದ್ಧವಾಗಿ ಬಡಿದು ತೆಗೆಯಿರಿ. ಸುಡಲೇಬೇಕಾದರೆ ಬಾಯಿಯ ಭಾಗವನ್ನು ಒದ್ದೆ ಮಣ್ಣಿನಲ್ಲಿ ಹೂತು ಕಣ್ಣಿನ ಸುತ್ತ ಮಾತ್ರ ಬೆಂಕಿ ಮಾಡಬೇಕು.

ಪ್ರಶ್ನೆ: ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯದೋ, ತುಕ್ಕು ಹಿಡಿಯುವ ಸಾದಾ ಉಕ್ಕು ಒಳ್ಳೆಯದೋ?

ಉತ್ತರ: ಅಂಟು ಮಣ್ಣಿನಲ್ಲಿ ಅಗೆಯುವವರಿಗೆ, ಕೆಲಸ ಮುಗಿದ ಮೇಲೆ ಒರೆಸಿಡುವ ಅಭ್ಯಾಸವಿಲ್ಲದವರಿಗೆ ಸ್ಟೇನ್‌ಲೆಸ್. ನಯವಾದ ಮೈಗೆ ಮಣ್ಣು ಕಡಿಮೆ ಹಿಡಿಯುತ್ತದೆ, ನೂರಕ್ಕೆ ಹತ್ತೂವರೆ ಭಾಗಕ್ಕೂ ಮಿಕ್ಕ ಕ್ರೋಮಿಯಂ ತುಕ್ಕನ್ನು ತಡೆಯುತ್ತದೆ. ಆದರೆ ಎಲ್ಲ ಬಗೆಯ ಸ್ಟೇನ್‌ಲೆಸ್ ಹದ ಹಿಡಿಯುವುದಿಲ್ಲ, ಅಗ್ಗದ ಸಲಿಕೆಗಳಲ್ಲಿ ಬಳಸುವುದು ಹೆಚ್ಚಾಗಿ ಹದ ಹಿಡಿಯದ ಬಗೆಯನ್ನೇ. ಬೇರು ಕಡಿಯಬೇಕಾದಲ್ಲಿ, ಕಳೆ ಕೆರೆಯುವಲ್ಲಿ, ಮೇಲಿಂದ ಮೇಲೆ ಮಸೆಯಬೇಕಾದ ಎಲ್ಲೆಡೆಯೂ ಸಾದಾ ಇಂಗಾಲದ ಉಕ್ಕೇ ಮೇಲು. ಇದನ್ನು ಕುಲುಮೆಗೆ ಒಯ್ದು ಮತ್ತೆ ಬಡಿಸಬಹುದು, ಸ್ಟೇನ್‌ಲೆಸ್ ಎಂದರೆ ಹೆಚ್ಚಿನ ಕಮ್ಮಾರರು ಕೈ ಹಾಕುವುದಿಲ್ಲ.

ಪ್ರಶ್ನೆ: ಮರದ ಕಾವು ಪದೇ ಪದೇ ಸಡಿಲವಾಗುತ್ತದೆ, ಮುರಿಯುತ್ತದೆ. ಆಯ್ಕೆ ಮಾಡುವಾಗ ಏನು ನೋಡಬೇಕು?

ಉತ್ತರ: ಮರದ ಜಾತಿಗಿಂತ ಎಳೆಯನ್ನು ಮೊದಲು ನೋಡಬೇಕು. ಕಾವಿನ ಉದ್ದಕ್ಕೂ ಎಳೆಗಳು ನೇರವಾಗಿ ಹರಿದು ತುದಿಯಿಂದ ತುದಿಗೆ ಹೋಗಬೇಕು. ಅರ್ಧದಲ್ಲಿ ಓರೆಯಾಗಿ ಬದಿಗೆ ಹೊರಬಿದ್ದರೆ ಅಲ್ಲಿಯೇ ಸೀಳುತ್ತದೆ. ಯುರೋಪಿನ ಕುಲುಮೆಗಳು ಹಿಂದಿನಿಂದಲೂ ಆಶ್ ಮರವನ್ನು, ಅಮೆರಿಕದವು ಹಿಕರಿಯನ್ನು ನೆಚ್ಚಿಕೊಂಡದ್ದು ಅವುಗಳ ಎಳೆ ಉದ್ದವಾಗಿ, ಪೆಟ್ಟಿನ ಅದುರುವಿಕೆಯನ್ನು ಕೈಗೆ ಮುಟ್ಟಿಸದೆ ನುಂಗುವಂತಿದೆ ಎಂಬ ಕಾರಣಕ್ಕೆ. ಆಶ್ ಮರಕ್ಕೆ ಈಗ ಶಿಲೀಂಧ್ರದ ರೋಗ ತಗುಲಿದೆ. 1990ರ ದಶಕದ ಆರಂಭದಲ್ಲಿ ಪೋಲೆಂಡಿನಲ್ಲಿ ಗಮನಕ್ಕೆ ಬಂದ ಅದು 2012ರಲ್ಲಿ ಬ್ರಿಟನ್ನಿನಲ್ಲಿಯೂ ದೃಢಪಟ್ಟಿತು. ಬೆಳೆದ ಮರಗಳೂ ಅದರಿಂದ ಒಣಗಿ ಸಾಯುತ್ತಿರುವುದರಿಂದ ಕಾವಿನ ಮರ ಮುಂದೆ ಎಲ್ಲಿಂದ ಎಂಬ ಚಿಂತೆ ಆ ಕುಲುಮೆಗಳಿಗೆ ಉಕ್ಕಿನ ಚಿಂತೆಗಿಂತ ಕಡಿಮೆಯದಲ್ಲ.

ಸಡಿಲಾಗುವುದಕ್ಕೆ ಕಾರಣ ಬಹುಮಟ್ಟಿಗೆ ಹಸಿ ಮರ. ಪೂರ್ತಿ ಒಣಗದ ಕಾವನ್ನು ಕೂರಿಸಿದರೆ ಒಳಗೇ ಕುಗ್ಗುತ್ತದೆ. ನೀರಿನಲ್ಲಿ ನೆನೆಸಿ ಬಿಗಿಮಾಡುವುದು ಎರಡು ದಿನದ ಉಪಾಯ, ಒಣಗಿದಾಗ ಮೊದಲಿಗಿಂತ ಹೆಚ್ಚು ಸಡಿಲವಾಗುತ್ತದೆ. ವರ್ಷಕ್ಕೆ ಒಂದೆರಡು ಬಾರಿ ಅಗಸೆ ಎಣ್ಣೆಯನ್ನು ತೆಳುವಾಗಿ ಉಜ್ಜಿ ಒಣಗಲು ಬಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರುತ್ತ ಬಿಸಿಯಾಗುವುದರಿಂದ ಅಂಥ ಮುದ್ದೆ ತಾನಾಗಿ ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರಡಿ ಬಯಲಿನಲ್ಲಿ ಒಣಗಿಸಬೇಕು.

ಪ್ರಶ್ನೆ: ನಮ್ಮದು ಮೂರನೆಯ ತಲೆಮಾರಿನ ಕುಲುಮೆ. ಗುದ್ದಲಿ, ಕುಡುಗೋಲು, ಕಳೆಗುದ್ದಲಿ ಮಾಡುತ್ತೇವೆ. ಮಕ್ಕಳು ಬೇರೆ ಉದ್ಯೋಗ ಹಿಡಿದಿದ್ದಾರೆ. ತಾವು ಬರೆಯುವ ಹೊರಗಿನ ಕುಟುಂಬಗಳು ಹೇಗೆ ಉಳಿದವು? ನಮ್ಮಂಥವರಿಗೆ ಅದರಿಂದ ತಿಳಿಯುವುದೇನಾದರೂ ಇದೆಯೇ?

ಉತ್ತರ: ಮಾನ್ಯರೇ, ಮೊದಲಿಗೆ ಹೇಳಬೇಕಾದದ್ದು, ಹೆಚ್ಚಿನವು ಉಳಿಯಲಿಲ್ಲ. ಶೆಫೀಲ್ಡಿನಲ್ಲಿ ಒಬ್ಬರೋ ಇಬ್ಬರೋ ಸೇರಿ ಬಾಡಿಗೆಯ ಕೋಣೆಯಲ್ಲಿ ಬಡಿಯುವ, ಮಸೆಯುವ, ಜೋಡಿಸುವ ಸ್ವತಂತ್ರ ಕುಶಲಕರ್ಮಿಗಳು ಒಂದು ಕಾಲದಲ್ಲಿ ಅಸಂಖ್ಯರಿದ್ದರು, ಇಂದು ಬೆರಳೆಣಿಕೆಯಷ್ಟು. ಬ್ರಿಟನ್ನಿನ ಪಾರಂಪರಿಕ ಕಸುಬುಗಳ ಸಂಘವೊಂದು 2017ರಿಂದ ಅಪಾಯದಲ್ಲಿರುವ ಕಸುಬುಗಳ ಪಟ್ಟಿಯನ್ನು ಪ್ರಕಟಿಸುತ್ತ ಬಂದಿದೆ. ಸಲಿಕೆಯ ತಲೆಯನ್ನು ಕುಲುಮೆಯಲ್ಲಿ ಬಡಿದು ಮಾಡುವ ಕಸುಬೂ ಅದರಲ್ಲಿ ಸೇರಿದೆ. ಕೊಳ್ಳುವವರು ಇಲ್ಲದೆ ಮುಚ್ಚಿದವುಗಳ ಜೊತೆಗೆ, ಕೈತುಂಬ ಬೇಡಿಕೆ ಇದ್ದೂ ಕಲಿಯುವವರು ಇಲ್ಲದೆ ಮುಚ್ಚಿದವೂ ಇವೆ ಎಂಬುದನ್ನು ಗಮನಿಸಬೇಕು.

ಉಳಿದವುಗಳಲ್ಲಿ ನನಗೆ ಕಾಣುವ ಮುಖ್ಯ ಸಂಗತಿ, ವಾರಸುದಾರಿಕೆಯನ್ನು ರಕ್ತಸಂಬಂಧಕ್ಕೆ ಕಟ್ಟಿಹಾಕದಿರುವುದು. 1902ರಲ್ಲಿ ಆರಂಭವಾದ ಶೆಫೀಲ್ಡಿನ ಅರ್ನೆಸ್ಟ್ ರೈಟ್ ಎಂಬ ಕತ್ತರಿ ತಯಾರಿಕೆಯ ಕುಟುಂಬ ಸಂಸ್ಥೆ 2018ರಲ್ಲಿ ಆರ್ಥಿಕವಾಗಿ ಕುಸಿದಾಗ, ಕುಟುಂಬಕ್ಕೆ ಸಂಬಂಧವೇ ಇಲ್ಲದ ಇಬ್ಬರು ಡಚ್ಚರು ಅದನ್ನು ಕೊಂಡು, ವಯಸ್ಸಾದ ಕುಶಲಕರ್ಮಿಗಳನ್ನು ಉಳಿಸಿಕೊಂಡು ಅವರ ಕೈಕೆಳಗೆ ಹೊಸಬರನ್ನು ಕೂರಿಸಿದರು. ಬಾಗಿಸಿದ ಮರದ ಅಂಚಿನ ತೋಟದ ಜರಡಿಯನ್ನು ಮಾಡುವ ಕಸುಬು 2017ರ ಪಟ್ಟಿಯಲ್ಲಿ ಅಳಿದುಹೋದದ್ದೆಂದೇ ನಮೂದಾಗಿತ್ತು. ಅದನ್ನು ಮತ್ತೆ ಕೈಗೆತ್ತಿಕೊಂಡವರು ಹೊರಗಿನಿಂದ ಬಂದವರು. ಸಾಂಜೋದಲ್ಲಿ ಕಮ್ಮಾರಿಕೆಯನ್ನು ಊರಿನ ಮಟ್ಟದಲ್ಲಿಯೇ ಕಾಪಾಡುತ್ತಾರೆ. 17ನೆಯ ಶತಮಾನದಲ್ಲಿ ನೆರೆಯಿಂದ ಬಳಲಿದ ರೈತರ ಉಪಕಸುಬಾಗಿ ಮೊಳೆ ಬಡಿಯುವುದರಿಂದ ಆರಂಭವಾದ ಅಲ್ಲಿನ ಕೆಲಸ ಮುಂದೆ ಗುದ್ದಲಿ, ಕತ್ತಿ, ಕತ್ತರಿಗಳಿಗೆ ಬೆಳೆಯಿತು, 2009ರಲ್ಲಿ ಸರ್ಕಾರದ ಪಾರಂಪರಿಕ ಕಸುಬಿನ ಮಾನ್ಯತೆ ಪಡೆಯಿತು, ಆಸಕ್ತರು ಬಂದು ಕುಲುಮೆಯಲ್ಲಿ ಕೂತು ಕಲಿಯುವ ಶಾಲೆಯೂ ಅಲ್ಲಿದೆ. ನಿಮ್ಮ ಮಕ್ಕಳು ಬಾರದಿದ್ದರೆ ಕುಲುಮೆ ಮುಗಿಯಿತು ಎಂದು ತೀರ್ಮಾನಿಸುವ ಮುನ್ನ, ಕಲಿಯಲು ಬಯಸುವ ಹೊರಗಿನ ಒಬ್ಬರಿಗೆ ಜಾಗ ಕೊಡಬಹುದೇ ಎಂದು ಯೋಚಿಸಿ.

ಎರಡನೆಯದು ರಿಪೇರಿ. ಸ್ವಿಟ್ಜರ್ಲೆಂಡಿನಲ್ಲಿ 1945ರಲ್ಲಿ ಫೆಲಿಕ್ಸ್ ಫ್ಲಿಶ್ ಆರಂಭಿಸಿದ ಫೆಲ್ಕೊ ಕಂಪನಿಯ ಕೊಂಬೆ ಸವರುವ ಕತ್ತರಿಗಳಲ್ಲಿ ಅಲಗು, ಸ್ಪ್ರಿಂಗ್, ತಿರುಪು ಎಲ್ಲವನ್ನೂ ಬಿಡಿಯಾಗಿ ಕೊಂಡು ಬದಲಿಸಬಹುದು. ಗಿರಾಕಿ ಒಮ್ಮೆ ಕೊಂಡ ಮೇಲೆಯೂ ದಶಕಗಟ್ಟಲೆ ಅದೇ ಮನೆಗೆ ಮರಳುತ್ತಾನೆ. ನಿಮ್ಮಂಥ ಕುಲುಮೆಗೆ ಇದು ಹೊಸದೇನೂ ಅಲ್ಲ, ಸವೆದ ಬಾಯಿಯನ್ನು ಬಡಿದುಕೊಡುವುದು ನಿಮ್ಮ ದಿನನಿತ್ಯದ ಕೆಲಸವೇ. ಕಾರ್ಖಾನೆಯ ಸರಕು ಬೆಲೆಯಲ್ಲಿ ನಿಮ್ಮನ್ನು ಸೋಲಿಸುತ್ತದೆ, ಆದ್ದರಿಂದ ಬೆಲೆಯ ಮೇಲೆ ಪಂದ್ಯಕ್ಕೆ ಇಳಿಯಬಾರದು. ಎಡಗೈಯವರಿಗೆ ಬೇಕಾದ ಬಾಗು, ಕುಳ್ಳಗಿರುವವರಿಗೆ ಹೊಂದುವ ಕಾವು, ಬಾಗಲಾಗದವರಿಗೆ ಉದ್ದದ ಕಳೆಗುದ್ದಲಿ, ಇಂಥದ್ದನ್ನು ಅಚ್ಚಿನ ಯಂತ್ರ ಒಂದೊಂದಾಗಿ ಮಾಡಲಾರದು. ಮಾಡಿದ್ದಕ್ಕೆಲ್ಲ ನಿಮ್ಮ ಮುದ್ರೆ ಒತ್ತಿ. ಅಳತೆಗಳನ್ನು, ಯಾವ ಉಕ್ಕಿಗೆ ಎಷ್ಟು ಹದ ಎಂಬುದನ್ನು ಬರೆದಿಡಿ, ನಮೂನೆಗಳನ್ನು ಗೋಡೆಗೆ ತೂಗುಹಾಕಿ. ಬಾಯಿಮಾತಿನಲ್ಲಿ ಮಾತ್ರ ಉಳಿದದ್ದು ಕಲಿಸುವವರು ಹೋದೊಡನೆ ಹೋಗುತ್ತದೆ.

ಇನ್ನೊಂದು ಎಚ್ಚರ. ಹಳೆಯ ಲಾರಿಗಳ ಪಟ್ಟೆಗಳನ್ನು, ಗುಜರಿ ಉಕ್ಕನ್ನು ಬಳಸುವವರು ಪ್ರತಿ ತುಂಡನ್ನೂ ಸಣ್ಣದಾಗಿ ಕತ್ತರಿಸಿ ಹದ ಹಾಕಿ ಮುರಿದು ನೋಡುವುದು ಅಗತ್ಯ. ಹೊರಗಿನಿಂದ ಒಂದೇ ರೀತಿ ಕಂಡರೂ ಒಳಗೆ ಬೇರೆ ಬೇರೆ ಉಕ್ಕು ಇರುತ್ತದೆ, ಒಂದಕ್ಕೆ ಒಪ್ಪಿದ ನೀರಿನ ಹದ ಇನ್ನೊಂದನ್ನು ಬಿರುಕು ಬಿಡಿಸುತ್ತದೆ.

ಪ್ರಶ್ನೆ: ಹಳೆಯ ಸಲಿಕೆಗೆ ಪೂರ್ತಿ ತುಕ್ಕು ಹಿಡಿದಿದೆ. ಎಸೆಯಬೇಕೇ? ಸಲಿಕೆಯನ್ನೂ ಮಸೆಯಬೇಕು ಎನ್ನುತ್ತಾರೆ, ಹೌದೇ?

ಉತ್ತರ: ಎಸೆಯಬೇಡಿ. ತಂತಿಯ ಬ್ರಷ್ಷಿನಿಂದ ಉಜ್ಜಿ, ಉಳಿದದ್ದನ್ನು ವಿನೆಗರ್‌ನಲ್ಲಿ ಒಂದು ರಾತ್ರಿ ನೆನೆಸಿ, ಸೋಡಾ ಪುಡಿಯ ನೀರಿನಿಂದ ಚೆನ್ನಾಗಿ ತೊಳೆದು, ಒಡನೆ ಒಣಗಿಸಿ ಎಣ್ಣೆ ಹಚ್ಚಿ. ಮೇಲೆ ಮೇಲೆ ಹರಡಿದ ತುಕ್ಕು ಹೋಗುತ್ತದೆ; ಕುತ್ತಿಗೆಯಲ್ಲಿ ಆಳದ ಗುಳಿಗಳು ಕಂಡರೆ ಅದು ಭಾರದ ಕೆಲಸಕ್ಕೆ ಬಾರದು. ಮಸೆಯಬೇಕು ಎಂಬುದು ಹೌದು. ಅರವನ್ನು ಅಲಗಿನ ಒಂದೇ ಮುಖಕ್ಕೆ, ಸಲಿಕೆ ಫೋರ್ಕುಗಳಲ್ಲಿ ಮೊದಲೇ ಇರುವ ಓರೆಯನ್ನೇ ಅನುಸರಿಸಿ, ಮುಂದಕ್ಕೆ ಮಾತ್ರ ತಳ್ಳಿ ಉಜ್ಜಿರಿ. ಕತ್ತಿಯಷ್ಟು ಹರಿತ ಬೇಡ, ಅಷ್ಟು ತೆಳುವಾದ ಅಂಚು ಕಲ್ಲಿಗೆ ಚಕ್ಕೆ ಏಳುತ್ತದೆ. ವಿದ್ಯುತ್ ಸಾಣೆಗೆ ಹಿಡಿಯುವುದಾದರೆ ಕ್ಷಣಕ್ಕೊಮ್ಮೆ ನೀರಿನಲ್ಲಿ ಅದ್ದಿ. ಅಂಚು ನೀಲಿಗಟ್ಟಿದರೆ ಅಲ್ಲಿಯ ಹದ ಸಡಿಲಗೊಂಡಿತೆಂದು ತಿಳಿದು, ಆ ನೀಲಿ ಭಾಗವನ್ನು ಅರದಿಂದ ಪೂರ್ತಿ ತೆಗೆದು ಹೊಸ ಅಂಚನ್ನು ಹೊರಡಿಸಬೇಕು.